ಕಪ್ಪೆರಾಯರಿಗೆ ನೀರು

ಅವಳು ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಬಂತು. "ಇವತ್ತು ಸೋಮವಾರ ಕಣೇ. ಸಂಜೆ ಕಪ್ಪೆರಾಯರ ನೀರು ಬರುತ್ತೆ. ಖಾಲಿ ಕ್ಯಾನ್ ಹೊರಗಿಟ್ಯಾ?" ಇಟ್ಟಿದ್ದಳು. ಇಡದೆ ಏನು ಮಾಡುತ್ತಾಳೆ? ಬಾಗಿಲ ಪಕ್ಕ ನೀಲಿ ಕ್ಯಾನು ಬಾಯಿ ತೆರೆದುಕೊಂಡು ಕೂತಿತ್ತು. ಅದರ ಕತ್ತಿಗೆ ಕಟ್ಟಿದ ಚೀಟಿಯಲ್ಲಿ ಕಪ್ಪೆರಾಯ ಎಂದು ಅಚ್ಚಾಗಿತ್ತು. ಆ ಹೆಸರು ಕಣ್ಣಿಗೆ ಬಿದ್ದಾಗಲೆಲ್ಲ ಆಗುವಂತೆ ಇವತ್ತೂ ಅವಳ ಕಿವಿ ಬಿಸಿಯಾಯಿತು. ಗಿರಾಕಿಯ ಎದುರು ಕೂರಬೇಕಾದ ಇಂಥ ದಿನವೇ ಸೋಮವಾರ ಬರಬೇಕಿತ್ತೇ? ಕಪ್ಪೆರಾಯ ಎಂಬ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಅವನನ್ನು ಹುಟ್ಟಿಸಿದವಳು ಅವಳೇ. ಹೋದ ವರ್ಷ ಮನೆಮನೆಗೆ ನೀರು ಹಾಕುವ ಕಂಪನಿಯೊಂದಕ್ಕೆ ಡೇಟಾಬೇಸ್ ಮಾಡಿಕೊಟ್ಟಿದ್ದಳು. ಯಾವ ಮನೆಗೆ ಯಾವ ವಾರ ಎಷ್ಟು ಕ್ಯಾನು ಎಂದು ಅದರಲ್ಲಿ ತುಂಬಿದರೆ ಸಾಕು, ಬೆಳಿಗ್ಗೆ ಗಾಡಿಯವನ ಕೈಗೆ ಪಟ್ಟಿ ಬರುತ್ತಿತ್ತು. ಅದು ಸರಿಯಾಗಿ ಓಡುತ್ತದೆಯೇ ಎಂದು ನೋಡಲು ಒಬ್ಬ ಸುಳ್ಳು ಗಿರಾಕಿ ಬೇಕಾಗಿತ್ತು, ಆ ಹೊತ್ತಿಗೆ ತಲೆಗೆ ಹೊಳೆದ ಹೆಸರು ಅದು. ವಿಳಾಸ ಖಾಲಿ ಬಿಟ್ಟರೆ ಮುಂದಕ್ಕೆ ಹೋಗಬಾರದೆಂದು ನಿಯಮ ಹಾಕಿದವಳೂ ಅವಳೇ ಆದ್ದರಿಂದ ಬೆರಳುಗಳು ತಮ್ಮ ಪಾಡಿಗೆ ತಾವು ಸ್ವಂತ ಮನೆಯ ವಿಳಾಸ ಒತ್ತಿದವು. ಆಮೇಲೆ ಅಳಿಸಬೇಕಿತ್ತು, ಮರೆತಳು. ಕೆಲಸ ಒಪ್ಪಿಸಿದ ಮುಂದಿನ ಸೋಮವಾರ ಗಾಡಿಯವನು ಬೀದಿಗೆಲ್ಲ ಕೇಳುವಂತೆ "ಕಪ್ಪೆರಾಯರೇ!" ಎಂದು ಕೂಗಿದಾಗ ಅತ್ತೆ ಬಾಗಿಲು ತೆರೆದು, ಒಂದು ಮಾತೂ ಕೇಳದೆ, ಕ್ಯಾನು ಒಳಗಿಳಿಸಿಕೊಂಡರು. ಸೊಸೆ ತರಿಸಿದ್ದಾಳೆ, ಇಂಥ ಹೆಸರಿನಲ್ಲಿ ತರಿಸುವುದು ಅವಳ ಆಫೀಸಿನ ರೂಢಿ ಇರಬೇಕು ಎಂದುಕೊಂಡರೋ ಏನೋ. ಅವಳೂ ಬಾಯಿ ಬಿಡಲಿಲ್ಲ. ಅತ್ತೆ ಆ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಔಷಧಿಯ ಹಾಗೆ ಶ್ರದ್ಧೆಯಿಂದ ಕುಡಿಯುವುದನ್ನು ನೋಡಿ, ಪರವಾಗಿಲ್ಲ, ಇವರಿಗೆ ಹಿಡಿಸಿದೆ ಎಂದು ತಿಂಗಳ ಬಿಲ್ಲು ತಾನೇ ಕಟ್ಟಿಕೊಂಡು ಸುಮ್ಮನಾದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಡೆಯ ಮೇಲೆ ಚೀಲ, ಚೀಲದಲ್ಲಿ ಬಣ್ಣದ ಚೀಟಿಗಳು, ಪೆನ್ನು, ಅಂಟು. ಕಪ್ಪೆರಾಯನ ಮಟ್ಟಿಗೆ ಅದು ನಗುವ ವಿಷಯವೇ ಸರಿ, ಆಫೀಸಿನಲ್ಲಿ ಹೇಳಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ನಗಲಾಗದ್ದು ಇನ್ನೊಂದಿತ್ತು. ಕೆಲಸ ಒಪ್ಪಿಸಿದ ಕೆಲವು ತಿಂಗಳಿಗೆ ಒಬ್ಬ ಹೆಂಗಸು ಫೋನ್ ಮಾಡಿದ್ದಳು. ಕಿರುಚಲಿಲ್ಲ, ಅಳಲಿಲ್ಲ, ಅದೇ ಕಷ್ಟವಾದದ್ದು. "ಅಪ್ಪ ತೀರಿಕೊಂಡು ಎಷ್ಟೋ ವಾರ ಆಯ್ತು. ನೀರು ಬರ್ತಾನೇ ಇದೆ. ಅವರ ಹೆಸರು ಹಿಡಿದು ಬಾಗಿಲಲ್ಲಿ ಕೂಗ್ತಾರೆ. ನಿಲ್ಲಿಸಿ ಅಂದ್ರೆ, ಕಂಪ್ಯೂಟರ್‌ನಲ್ಲಿ ನಿಲ್ಲಿಸೋಕೆ ಜಾಗ ಇಲ್ಲ ಅಂತಾರೆ. ಅದನ್ನ ಮಾಡಿದವರು ನೀವಂತೆ." ಹೌದು, ಜಾಗ ಇರಲಿಲ್ಲ. ಗಿರಾಕಿ ಹೇಗೆ ಸೇರುತ್ತಾನೆ, ಎಷ್ಟು ಬೇಕೆನ್ನುತ್ತಾನೆ, ಹೆಚ್ಚು ಬೇಕಾದರೆ ಏನು, ಹಬ್ಬಹರಿದಿನಕ್ಕೆ ಏನು ಎಂದು ಆ ಕಂಪನಿಯವರನ್ನು ಕೂರಿಸಿಕೊಂಡು ದಿನಗಟ್ಟಲೆ ಕೇಳಿದ್ದಳು. ಸಾಕು ಎನ್ನುವವನ ಬಗ್ಗೆ ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ವ್ಯಾಪಾರ ಬೆಳೆಸಲು ಹೊರಟವರ ಬಾಯಲ್ಲಿ ಆ ಮಾತು ಯಾಕಾದರೂ ಬರುತ್ತದೆ? ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ಅವಳು ತನ್ನ ಮೇಲಿನವರ ಕಡೆ ತಿರುಗಿದ್ದಳು. ಬೆನ್ನ ಹಿಂದೆ ಎಲ್ಲರೂ ಅವರನ್ನು ಸಹಿ ಸಾಹೇಬರು ಎನ್ನುತ್ತಿದ್ದರು, ಯಾಕೆಂದರೆ ಗಿರಾಕಿಯ ಸಹಿ ಬಿದ್ದ ಮೇಲೆ ಈ ಜಗತ್ತಿನಲ್ಲಿ ಯಾವ ತಪ್ಪೂ ಉಳಿಯುವುದಿಲ್ಲ ಎಂಬುದು ಅವರ ನಂಬಿಕೆ. "ಕೆಲಸದ ಕರಡಿನಲ್ಲಿ ಇತ್ತಾ? ಇರಲಿಲ್ಲ. ಸಹಿ ಆಗಿದೆಯಾ? ಆಗಿದೆ. ಮುಗಿದ ಕೆಲಸಕ್ಕೆ ಕೈ ಹಾಕೋದು ಬೇಡಮ್ಮ" ಎಂದರು. ಅವಳು ಫೋನಿಗೆ "ಸಂಬಂಧಪಟ್ಟವರಿಗೆ ತಿಳಿಸ್ತೀವಿ" ಎಂದಳು. ಆ ಹೆಂಗಸು "ಆಯ್ತಮ್ಮಾ" ಎಂದು ಇಟ್ಟುಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಈಗಲೂ ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ, ಆ ಆಯ್ತಮ್ಮ ಎಲ್ಲಿಂದಲೋ ಬಂದು ಕಿವಿಯಲ್ಲಿ ಕೂರುತ್ತಿತ್ತು. ಇಳಿಯುವ ಜಾಗ ಬಂದದ್ದು ಗೊತ್ತಾಗದೆ ಅವಳು ಒಂದು ನಿಲ್ದಾಣ ಮುಂದೆ ಹೋಗಿ, ವಾಪಸ್ಸು ನಡೆದು ಬಂದಳು.

ನಾಟಕದ ಉಡುಪು ಬಾಡಿಗೆಗೆ ಕೊಡುವ ಆ ಅಂಗಡಿಯ ಬಾಗಿಲಲ್ಲಿ ಸಹಿ ಸಾಹೇಬರು ಕಾದು ನಿಂತಿದ್ದರು. ಬೆವರು ಒರೆಸಿಕೊಳ್ಳುತ್ತ, "ನೋಡಮ್ಮ, ನಾಳೆ ಇನ್ನೊಂದು ಕಂಪನಿಯವರು ಬರ್ತಿದಾರೆ. ಇವತ್ತು ಕರಡು ಒಪ್ಪಿಸ್ಕೊಂಡು ಹೋಗಬೇಕು. ನೀನು ಅತಿಯಾಗಿ ಕೆದಕಬೇಡ. ನೀರಿನ ಕಂಪನಿ ಥರ ಇದೂ ದಿನಗಟ್ಟಲೆ ಎಳೆದ್ರೆ ನಿನ್ನನ್ನ ಗಿರಾಕಿಗಳ ಹತ್ತಿರ ಕಳಿಸೋದು ನನಗೂ ಕಷ್ಟ. ಆಫೀಸಲ್ಲಿ ಕೂತು ಟೈಪ್ ಮಾಡೋ ಕೆಲಸ ಇದ್ದೇ ಇದೆ" ಎಂದರು. ಬೆದರಿಕೆಯ ದನಿಯೇನಲ್ಲ. ಮಳೆ ಬರಬಹುದು, ಕೊಡೆ ಇಟ್ಟುಕೋ ಎನ್ನುವ ಹಾಗೆ ಅಂದರು. ಈ ಕೆಲಸದಲ್ಲಿ ಅವಳಿಗೆ ಪ್ರಾಣವಿದ್ದದ್ದು ಇದೊಂದರಲ್ಲೇ. ಗೊತ್ತಿಲ್ಲದ ಜಾಗಕ್ಕೆ ಹೋಗಿ, ಗೊತ್ತಿಲ್ಲದ ಜನರ ಎದುರು ಕೂತು, ನಿಮ್ಮಲ್ಲಿ ಇದನ್ನು ಏನಂತೀರಿ, ಅದಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳುತ್ತ, ಅವರ ಗೊಂದಲವೆಲ್ಲ ನಿಧಾನವಾಗಿ ಚೌಕಗಳಾಗಿ ಗೆರೆಗಳಾಗಿ ಕಾಗದದ ಮೇಲೆ ಕೂರುವುದನ್ನು ನೋಡುವುದು. ಅದನ್ನು ಕಿತ್ತುಕೊಂಡರೆ ಉಳಿಯುವುದು ಬೆರಳು ಮಾತ್ರ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ನೆಲದಿಂದ ಸೂರಿನವರೆಗೆ ಕಂಬಿಗಳು, ಕಂಬಿಗಳಲ್ಲಿ ರಾಜರು, ಸಿಪಾಯಿಗಳು, ವಕೀಲರು, ದೆವ್ವಗಳು ಭುಜಕ್ಕೆ ಭುಜ ತಾಗಿಸಿ ನೇತಾಡುತ್ತಿದ್ದರು. ಹಳೆ ಬಟ್ಟೆ, ಬೆವರು, ನುಸಿಗುಳಿಗೆ ಬೆರೆತ ವಾಸನೆ. ಅಂಗಡಿಯ ಒಡೆಯರು ಅಣ್ಣ ತಂಗಿ ಇಬ್ಬರೂ ತಲೆ ನರೆತವರು. ಅಣ್ಣ ದಪ್ಪಗೆ, ಮಾತಿಗೆ ಮುಂಚೆ ನಗುವವರು. ತಂಗಿಯ ಕುತ್ತಿಗೆಯಲ್ಲಿ ಅಳತೆಯ ಟೇಪು, ತುಟಿಯ ಮಧ್ಯೆ ಯಾವಾಗಲೂ ಒಂದು ಗುಂಡುಸೂಜಿ. ಮೂಲೆಯಲ್ಲಿ ಕುದುರೆಯೊಂದರ ಮುಂಭಾಗ ಸ್ಟೂಲಿನ ಮೇಲೆ ನಿಂತಿತ್ತು. ಇಬ್ಬರು ಒಳಗೆ ಹೊಕ್ಕು ನಡೆಸುವಂಥ ಬಟ್ಟೆಯ ಕುದುರೆ. ತಲೆ, ಕತ್ತು, ಎರಡು ಮುಂಗಾಲು, ಅಷ್ಟೇ. ಹೊಟ್ಟೆಯಿಂದಾಚೆ ಏನೂ ಇಲ್ಲ. ಒಂದು ಕಣ್ಣಿನ ಗುಂಡಿ ಕಳಚಿ ದಾರದಲ್ಲಿ ಜೋತಾಡುತ್ತಿತ್ತು. ಮಾತು ಶುರುವಾದದ್ದೇ ಜಗಳ. ಒಂದು ಉಡುಪು ಅಂದರೆ ಏನು ಎಂದು ಅವಳು ಕೇಳಿದ್ದೇ ತಡ, ಅಣ್ಣ "ರಾಜ ಅಂದ್ರೆ ರಾಜ. ಕಿರೀಟದಿಂದ ಜೋಡಿನವರೆಗೆ ಎಲ್ಲ ಸೇರಿ ಒಂದು" ಎಂದರು. ತಂಗಿ ಸೂಜಿ ಕಿತ್ತು, "ಕಿರೀಟ ವಾಪಸ್ ಬರುತ್ತೆ, ಜೋಡು ಬರಲ್ಲ. ಆಗ ನಿನ್ನ ರಾಜ ಎಷ್ಟು? ಮುಕ್ಕಾಲಾ?" ಎಂದರು. ಸಹಿ ಸಾಹೇಬರು ಗಡಿಯಾರ ನೋಡಿಕೊಂಡರು. ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಳದಿ ಚೀಟಿಗಳಲ್ಲಿ ಕಿರೀಟ, ಅಂಗಿ, ಜೋಡು ಎಂದು ಬಿಡಿಬಿಡಿಯಾಗಿ ಬರೆದು, ಕೆಂಪು ಚೀಟಿಯಲ್ಲಿ ರಾಜ ಎಂದು ಬರೆದು, ನಡುವೆ ದಾರ ಎಳೆದಳು. ತುಂಡುಗಳು ತುಂಡುಗಳಾಗಿಯೇ ಇರುತ್ತವೆ, ಕಂತೆ ಕಂತೆಯಾಗಿಯೇ ಇರುತ್ತದೆ, ಯಾವುದು ಯಾವುದಕ್ಕೆ ಸೇರಿದ್ದು ಅಂತ ದಾರ ಹೇಳುತ್ತೆ ಎಂದಳು. ಇಬ್ಬರೂ ಬಗ್ಗಿ ನೋಡಿದರು. ತಾನೇ ಗೆದ್ದೆ ಎಂದು ಅಣ್ಣ ನಕ್ಕರು, ತಾನೇ ಗೆದ್ದೆ ಎಂದು ತಂಗಿ ನಕ್ಕರು. ಸಹಿ ಸಾಹೇಬರು ಕರಡನ್ನು ಮೆಲ್ಲಗೆ ಮೇಜಿನ ಮೇಲಕ್ಕೆ ಸರಿಸಿದರು.

ಕರಡು ದೊಡ್ಡದಿತ್ತು. ಅಂಗಡಿಯಲ್ಲಿರುವುದನ್ನೆಲ್ಲ ಒಂದೊಂದಾಗಿ ಫೋಟೊ ಹಿಡಿದು, ಅಳತೆ ಬರೆದು, ನಂಬರು ಹೊಲಿದು ತುಂಬುವ ಕೆಲಸ. ಮೇಲಿನ ಎರಡು ಮಹಡಿಗಳೂ ಸೇರಿ. ನಾವು ಹುಡುಕಿದ್ದು ಸಿಗುವುದಿಲ್ಲ, ಸಿಕ್ಕಿದ್ದು ಬೇಕಾಗಿರುವುದಿಲ್ಲ, ಅದಕ್ಕೇ ಕಂಪ್ಯೂಟರು ಎಂದು ಅಣ್ಣ ಮೊದಲ ದಿನವೇ ಹೇಳಿದ್ದರು. ಅವರು ಜೇಬಿನಿಂದ ಪೆನ್ನು ತೆಗೆದರು. ಅಷ್ಟರಲ್ಲಿ ಅವಳಿಗೆ ಬೆಳಿಗ್ಗೆ ಬಾಗಿಲಲ್ಲಿಟ್ಟು ಬಂದ ಕ್ಯಾನು ನೆನಪಾಯಿತು. ಕುದುರೆ ಜೋತಾಡುವ ಕಣ್ಣಿನಲ್ಲಿ ಅವಳನ್ನೇ ನೋಡುತ್ತಿತ್ತು. ಚೀಟಿಗಳಲ್ಲಿ ಹೊಸ ಉಡುಪು ಬರುವುದಿತ್ತು, ಹೋಗುವುದಿತ್ತು, ವಾಪಸ್ಸಾಗುವುದಿತ್ತು, ಒಗೆಯುವುದಿತ್ತು, ರಿಪೇರಿ ಇತ್ತು. ಗುಂಡಗೆ ಸುತ್ತಿ ಸುತ್ತಿ ಮತ್ತೆ ಕಂಬಿಗೇ ಬರುತ್ತಿತ್ತು. ಆಚೆ ಹೋಗುವ ಬಾಗಿಲೇ ಇಲ್ಲ. ಅದೇ ತಪ್ಪು. ಅದೇ. ಕೇಳಬೇಕು ಎನ್ನಿಸಿತು, ಕೇಳಬೇಡ ಎಂದು ಸಹಿ ಸಾಹೇಬರ ಹುಬ್ಬು ಹೇಳಿತು. ಪೆನ್ನಿನ ಮುಚ್ಚಳ ತೆಗೆದದ್ದೂ ಆಯಿತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲ್ಲ ಸುಸೂತ್ರ, ಸಂಜೆ ಆಫೀಸಿನಲ್ಲಿ ಚಹಾ, ಬೆನ್ನು ತಟ್ಟುವಿಕೆ. ಶಾಲೆಯಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತದೆ ಕೂತು, ಪಕ್ಕದವಳು ಅದನ್ನೇ ಹೇಳಿ ಶಭಾಷ್ ಅನ್ನಿಸಿಕೊಳ್ಳುವುದನ್ನು ನೋಡುತ್ತಿದ್ದ ಹುಡುಗಿ ಎಲ್ಲಿಗೂ ಹೋಗಿರಲಿಲ್ಲ, ಈ ಮೇಜಿನ ಅಂಚು ಹಿಡಿದುಕೊಂಡು ಇಲ್ಲೇ ನಿಂತಿದ್ದಳು. ಆಯ್ತಮ್ಮಾ, ಎಂದಿತು ಕಿವಿಯಲ್ಲಿ.

"ಒಂದು ನಿಮಿಷ ಸರ್," ಎಂದಳು. ದನಿ ಅರ್ಧದಲ್ಲೇ ಒಡೆಯಿತು. ಕೆಮ್ಮಿ ಸರಿಮಾಡಿಕೊಂಡಳು. "ಒಂದು ಉಡುಪು ಮುಗಿಯೋದು ಹೇಗೆ?"

"ಮುಗಿಯೋದು ಅಂದ್ರೆ?" ಎಂದರು ಅಣ್ಣ.

"ಇನ್ನು ಇದನ್ನ ಯಾರಿಗೂ ಕೊಡಲ್ಲ, ಇದರ ಆಯಸ್ಸು ಮುಗೀತು, ಅಂತ ಯಾರು ಹೇಳ್ತಾರೆ? ಆ ಅಧಿಕಾರ ಯಾರ ಹೆಸರಲ್ಲಿ ಇಡಲಿ, ನಿಮ್ಮದಾ, ಇವರದಾ?"

ಸಹಿ ಸಾಹೇಬರು ಮೇಜಿನ ಕೆಳಗೆ ಅವಳ ಕಾಲು ತುಳಿದರು. ಅಣ್ಣನ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು. ತಂಗಿ ಸೂಜಿಯನ್ನು ತುಟಿಯಿಂದ ತೆಗೆದು ಟೇಪಿಗೆ ಚುಚ್ಚಿದರು, ಮತ್ತೆ ತೆಗೆದರು. ಮೇಲಿನ ಮಹಡಿಯಲ್ಲಿ ಯಾವುದೋ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಮುಗಿಯಿತು, ಇವತ್ತು ಮುಗಿದದ್ದು ನಾನೇ, ಎಂದುಕೊಂಡಳು ಅವಳು. ಆದರೂ ಬಾಯಿ ನಿಲ್ಲಲಿಲ್ಲ. ಒಮ್ಮೆ ಬಿಟ್ಟ ಮೇಲೆ ಏನು, ಪೂರ್ತಿ ಬಿಡುವುದೇ ವಾಸಿ. ಕುದುರೆಯ ಕಡೆ ಕೈ ತೋರಿಸಿ, "ಇದರ ಹಿಂಭಾಗ ಎಲ್ಲಿ?" ಎಂದು ಕೇಳಿದಳು.

"ಅದು ಹೋಗಿ ಯಾವ ಕಾಲ ಆಯ್ತು," ಎಂದರು ಅಣ್ಣ. "ಯಾವುದೋ ಶಾಲೆಯವರು ಕಳೆದುಬಿಟ್ರು."

"ಹಾಗಾದ್ರೆ ಮುಂಭಾಗನ ಯಾಕೆ ಇಟ್ಕೊಂಡಿದೀರಿ? ಇದನ್ನೂ ಫೋಟೊ ಹಿಡಿದು, ನಂಬರು ಹೊಲಿದು, ಕಂಪ್ಯೂಟರಿಗೆ ತುಂಬಬೇಕಾ?"

ಅಣ್ಣ ಪೆನ್ನಿನ ಮುಚ್ಚಳ ಹಾಕಿದರು. ತಂಗಿಯ ಕಡೆ ನೋಡದೆ, ಕುದುರೆಯ ಕಡೆಯೇ ನೋಡುತ್ತ, ತಗ್ಗಿದ ದನಿಯಲ್ಲಿ, "ಅದು ಇವಳು ಹೊಲಿದದ್ದು ಮೇಡಂ. ಅಂಗಡಿ ಶುರುವಾದಾಗ ಇವಳು ಹೊಲಿದ ಮೊದಲನೇ ದೊಡ್ಡ ಕೆಲಸ. ಎಸೆದ್ರೆ ಇವಳಿಗೆ ಸಂಕಟ ಆಗುತ್ತೆ ಅಂತ..." ಎಂದರು.

"ನನಗಾ?" ತಂಗಿಯ ದನಿ ಏರಿತು. "ನನಗ್ಯಾಕೆ ಸಂಕಟ? ಅದನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ! ಕತ್ತಿನ ಹೊಲಿಗೆನೇ ಸೊಟ್ಟ. ದಿನಾ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ನನ್ನ ತಪ್ಪೇ ನನ್ನ ಮುಖ ನೋಡ್ತಾ ನಿಂತಿರುತ್ತೆ. ನೀನು ಅದರ ಮುಂಗಾಲಲ್ಲಿ ಹೊಕ್ಕು ಕುಣಿದಿದ್ಯಲ್ಲ, ಜನ ಬಿದ್ದು ಬಿದ್ದು ನಕ್ಕಿದ್ರಲ್ಲ, ನಿನಗೆ ಅದು ಪ್ರಾಣ ಅಂತ ನಾನು ಧೂಳು ಹೊಡೆದು ಹೊಡೆದು ಇಟ್ಟಿದೀನಿ!"

"ನಾನಾ? ಅಯ್ಯೋ ಮಾರಾಯ್ತಿ, ಆವತ್ತು ಅದರೊಳಗೆ ಉಸಿರು ಕಟ್ಟಿ ಸಾಯೋ ಹಾಗಾಗಿತ್ತು ನನಗೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕದ್ದು ತಂಗಿ. ಮೂಗಿನಿಂದ ಸಣ್ಣದಾಗಿ ಹೊರಟ ಆ ನಗು ಹೊಟ್ಟೆಗಿಳಿದು, ಅವರು ಮೇಜಿಗೆ ಆತುಕೊಂಡು ಕಣ್ಣೊರೆಸಿಕೊಳ್ಳುವವರೆಗೆ ಹೋಯಿತು. ಅಣ್ಣನ ಹೊಟ್ಟೆ ಕುಲುಕಾಡಿತು. ಆಮೇಲೆ ನಡೆದದ್ದನ್ನು ಅವಳು ಬಹಳ ದಿನ ಮರೆಯಲಿಲ್ಲ. ಇಬ್ಬರೂ ಮಕ್ಕಳ ಹಾಗೆ ಮೆಟ್ಟಿಲು ಹತ್ತಿ ಮೇಲಿನ ಮಹಡಿಗಳಿಗೆ ಓಡಿದರು. ಮಂಡಿನೋವು ಎಂದು ಒಂದು ಗಂಟೆಯಿಂದ ಗೊಣಗುತ್ತಿದ್ದ ಅಣ್ಣನೇ ಮುಂದೆ. ಅವಳೂ ಹಿಂದೆ ಹೋದಳು. "ಈ ಹುಲಿ?" "ಬಾಲ ಇಲ್ಲ, ನಿನಗೆ ಬೇಕೇನೋ ಅಂತ." "ನನಗ್ಯಾಕೆ, ನಿನಗೆ ಅಂತ. ತೆಗಿ!" "ಈ ಸಿಪಾಯಿಗಳು?" "ಹುಳು ತಿಂದಿದೆ, ತೆಗಿ!" "ಈ ದೆವ್ವ?" "ಇರಲಿ, ದೆವ್ವ ಚೆನ್ನಾಗಿದೆ, ಕೆಳಗಿನ ಕಂಬಿಗೆ ಹಾಕು." ಕಂಬಿಗಳಿಂದ ಕಿತ್ತ ಬಟ್ಟೆ ನೆಲದ ಮೇಲೆ ಗುಡ್ಡೆಯಾಗುತ್ತ ಹೋಯಿತು. ಧೂಳು ಎದ್ದು ಬಿಸಿಲಿನ ಕೋಲಿನಲ್ಲಿ ಕುಣಿಯಿತು. ಎಷ್ಟೋ ಕಾಲದಿಂದ ಬಟ್ಟೆಯ ಹಿಂದೆ ಮುಚ್ಚಿಹೋಗಿದ್ದ ಕಿಟಕಿಯೊಂದು ಕಾಣಿಸಿಕೊಂಡಿತು. ಬಡಿದುಕೊಳ್ಳುತ್ತಿದ್ದದ್ದು ಅದೇ. ತಂಗಿ ಅದನ್ನು ತೆರೆದಿಟ್ಟರು. ಗಾಳಿ ಒಳಗೆ ನುಗ್ಗಿ ಬಂತು. ಅವಳು ಗುಡ್ಡೆಯ ಪಕ್ಕ ನಿಂತು ಎದೆ ತುಂಬ ಉಸಿರೆಳೆದುಕೊಂಡಳು, ಧೂಳಿಗೆ ಸೀನಿದಳು, ಮತ್ತೆ ಎಳೆದುಕೊಂಡಳು. ಹುಡುಕಿದ್ದು ಯಾಕೆ ಸಿಗುತ್ತಿರಲಿಲ್ಲ ಎಂದು ಈಗ ಯಾರಿಗೂ ಹೇಳಬೇಕಾಗಿರಲಿಲ್ಲ.

ಕೆಳಗಿಳಿದು ಬಂದು ಅವಳು ಒಂದು ಬಿಳಿ ಚೀಟಿ ತೆಗೆದಳು. ಅದರಲ್ಲಿ ಮುಗಿಯಿತು ಎಂದು ಬರೆದು ಎಲ್ಲ ಚೀಟಿಗಳ ಕೊನೆಗೆ ಅಂಟಿಸಿ, ಅದಕ್ಕೆ ಎರಡು ದಾರ ಎಳೆದಳು. ಅಣ್ಣನದೊಂದು, ತಂಗಿಯದೊಂದು. ಇಬ್ಬರಲ್ಲಿ ಯಾರು ಹೇಳಿದರೂ ಮುಗಿದ ಹಾಗೆ, ಹೇಳಿದ ತಕ್ಷಣ ಇನ್ನೊಬ್ಬರಿಗೆ ತಿಳಿಯುವ ಹಾಗೆ. ಕರಡಿನಲ್ಲಿ ಮೇಲಿನ ಎರಡು ಮಹಡಿಗಳ ಮೇಲೆ ಅಡ್ಡಗೆರೆ ಹೊಡೆದಳು. ಸಹಿ ಸಾಹೇಬರು ತಮ್ಮ ಮೈಗೇ ಕತ್ತರಿ ಹಾಕಿದಂತೆ ನೋಡುತ್ತಿದ್ದರು, ಅರ್ಧ ಕೆಲಸ ಕಣ್ಣೆದುರೇ ಹೋಗಿತ್ತು. ಅಣ್ಣ ಕರಡಿಗೆ ಸಹಿ ಹಾಕಿ ಫೋನು ಎತ್ತಿಕೊಂಡರು. "ಹಲೋ, ನಾಳೆ ನೀವು ಬರೋದು ಬೇಡ. ಇಲ್ಲ ಇಲ್ಲ, ಆಗಿಹೋಯ್ತು" ಎಂದು ಇಟ್ಟು, ಸಹಿ ಸಾಹೇಬರ ಕಡೆ ತಿರುಗಿ, "ಹೋದ ವಾರ ಬಂದಿದ್ದ ಆ ಕಂಪನಿಯವರು ಹೇಗೆ ಬೆಳೆಸ್ತೀರಿ, ಹೇಗೆ ಬೆಳೆಸ್ತೀರಿ ಅಂತಲೇ ಕೇಳ್ತಿದ್ರು. ಈ ಮೇಡಂ ಬರ್ತಾರೆ ಅನ್ನೋದಾದ್ರೆ ನಮ್ಮ ಚಿಕ್ಕಮ್ಮನ ಮಗನ ಪುಸ್ತಕದ ಅಂಗಡಿಗೂ ನೀವೇ ಮಾಡಿ. ಅವನದೂ ಇದೇ ರೋಗ" ಎಂದರು. ತಂಗಿ ಕುದುರೆಯ ಜೋತಾಡುವ ಕಣ್ಣನ್ನು ಕತ್ತರಿಸಿ, ಆ ಗುಂಡಿಯನ್ನು ಅವಳ ಅಂಗೈಯಲ್ಲಿಟ್ಟು ಮುಚ್ಚಿದರು.

ಬೀದಿಯಲ್ಲಿ ಸಹಿ ಸಾಹೇಬರು ಕರಡನ್ನು ಸುರುಳಿ ಸುತ್ತಿಕೊಂಡು ಮುಂದೆ ನಡೆದರು. ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎದುರು ಬಂದವರೆಲ್ಲ ತನ್ನನ್ನು ನೋಡಿ ದಾರಿ ಬಿಡುತ್ತಿದ್ದಾರೆ ಎಂದು ಅನ್ನಿಸಿತು, ಹಣ್ಣಿನ ಗಾಡಿಯವನು ತೂಕ ಮಾಡುತ್ತಿದ್ದದ್ದೂ ಅವಳ ಖುಷಿಯನ್ನೇ. ಗೆದ್ದೆ, ಗೆದ್ದೆ ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ಅವಳು ಅದನ್ನು ತಡೆಯಲಿಲ್ಲ. ಕೊನೆಗೆ ಅವರೇ, "ನಿನ್ನ ಕಾಲು ತುಳಿದೆ, ನೋವಾಯ್ತೇನಮ್ಮ?" ಎಂದರು. ನೋವಾಗಿತ್ತು, ಆಗ ಗೊತ್ತಾಗಿರಲಿಲ್ಲ. "ಸರ್, ನೀರಿನ ಕಂಪನಿಯದು ಒಂದು ಬಾಕಿ ಇದೆ. ನಿಲ್ಲಿಸೋಕೆ ಜಾಗ ಮಾಡಿಕೊಡಬೇಕು. ನಾಳೆ ಬೆಳಿಗ್ಗೆ ಅಲ್ಲಿಗೇ ಹೋಗ್ತೀನಿ" ಎಂದಳು.

"ಅದು ಮುಗಿದ ಕೆಲಸ ಕಣಮ್ಮ."

"ಇಲ್ಲ ಸರ್, ಮುಗಿದಿಲ್ಲ."

ಅವರು ಅವಳ ಮುಖ ನೋಡಿದರು. ಬೆಳಿಗ್ಗೆ ಇದ್ದ ಮುಖ ಅಲ್ಲಿ ಇರಲಿಲ್ಲವೋ ಏನೋ, "ಮಧ್ಯಾಹ್ನದ ಒಳಗೆ ಆಫೀಸಿಗೆ ಬಂದುಬಿಡು" ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಅವಳು ಮನೆಯ ತಿರುವು ತಲುಪುವುದಕ್ಕೂ ನೀರಿನ ಗಾಡಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಗಾಡಿಯವನು ಕ್ಯಾನನ್ನು ಹೆಗಲಿಗೇರಿಸಿ, ಕತ್ತು ಎತ್ತಿ, "ಕಪ್ಪೆರಾಯರೇ!" ಎಂದು ಕೂಗಿದ. ಪಕ್ಕದ ಮನೆಯ ಕಿಟಕಿಯಲ್ಲಿ ಒಂದು ತಲೆ ಇಣುಕಿತು. ಅತ್ತೆ ಬಾಗಿಲಿಗೆ ಬಂದರು. ಅವಳು ನೇರ ಹೋಗಿ ಅವನ ಎದುರು ನಿಂತಳು. ಇಷ್ಟು ದಿನ ಈ ಗಾಡಿ ಕಂಡರೆ ಬೀದಿಯ ಆಚೆ ಬದಿಗೆ ದಾಟುತ್ತಿದ್ದವಳು.

"ಇನ್ನು ಬೇಡಪ್ಪ. ಕಪ್ಪೆರಾಯರು ಹೋಗಿಬಿಟ್ರು."

ಅವನು ಕ್ಯಾನು ಕೆಳಗಿಳಿಸಿ, ತಲೆಯ ಮೇಲಿದ್ದ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. "ಅಯ್ಯೋ ಅಕ್ಕಾ! ಯಾವಾಗ?"

"ಇವತ್ತು. ಬೆಳಿಗ್ಗೆ ಚೆನ್ನಾಗೇ ಇದ್ರು."

ಬಾಗಿಲಲ್ಲಿ ಅತ್ತೆಯ ಬಾಯಿ ಅಷ್ಟಗಲ ತೆರೆದುಕೊಂಡಿತು. ಅವಳು ಅವರ ಕಡೆ ತಿರುಗಿ, "ಅತ್ತೆ, ನಿಮಗೆ ಈ ನೀರು ಇಷ್ಟ ಅಂತ ನನಗೆ ಗೊತ್ತು, ಆದ್ರೆ..." ಎಂದು ಶುರುಮಾಡಿದಳು.

"ಯಾರೇ ಹೇಳಿದ್ದು ಇಷ್ಟ ಅಂತ?" ಎಂದರು ಅತ್ತೆ. "ಒಂಚೂರೂ ರುಚಿ ಇಲ್ಲ, ಸಪ್ಪೆ! ನೀನು ಪ್ರೀತಿಯಿಂದ ತರಿಸ್ತೀಯಲ್ಲ ಅಂತ ಮೂಗು ಮುಚ್ಕೊಂಡು ಕುಡೀತಿದ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಸಾವಿನ ಮನೆಯಲ್ಲಿ ಸೊಸೆ ನಗುವುದನ್ನು ಕಂಡು ಗಾಡಿಯವನು ಟೋಪಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ. ಪಾಪ, ದುಃಖಕ್ಕೆ ಹೀಗಾಗಿದೆ ಎಂದುಕೊಂಡನೋ ಏನೋ, ಸಮಾಧಾನದ ದನಿಯಲ್ಲಿ, "ಆದ್ರೂ ನೀರು ಬರುತ್ತಕ್ಕಾ. ಪಟ್ಟಿಯಲ್ಲಿ ಹೆಸರು ಇದ್ದಷ್ಟು ದಿನ ನಾನು ಇಳಿಸಲೇಬೇಕು, ವಾಪಸ್ ಒಯ್ದರೆ ಬೈತಾರೆ. ಹಸಿರು ಗೇಟಿನ ಮನೆ ತಾತ ಹೋಗಿ ಎಷ್ಟೋ ದಿನ ಆಯ್ತು, ಇನ್ನೂ ಹಾಕ್ತಿದೀನಿ. ಅವರ ಮಗಳು ಬಾಗಿಲು ತೆಗೆಯೋದೇ ಇಲ್ಲ. ಇಟ್ಟು ಕಳ್ಳನ ಥರ ಓಡಿಬರ್ತೀನಿ. ಏನು ಮಾಡೋದು, ಆ ಕಂಪ್ಯೂಟರ್‌ನಲ್ಲಿ ನಿಲ್ಲಿಸೋಕೆ ಜಾಗ ಇಲ್ವಂತೆ" ಎಂದ.

ಅವಳ ನಗು ನಿಂತಿತು. ಮುಷ್ಟಿಯೊಳಗೆ ಕುದುರೆಯ ಗುಂಡಿ ಬೆಚ್ಚಗಿತ್ತು.

"ನಾಳೆಯಿಂದ ಇರುತ್ತೆ," ಎಂದಳು. "ಮೊದಲು ಹಸಿರು ಗೇಟಿನ ಮನೆ, ಆಮೇಲೆ ಕಪ್ಪೆರಾಯರು. ಇನ್ನು ನೀನು ಆ ಮನೆಗೆ ಹೋಗಬೇಕಾಗಿಲ್ಲ. ನಾನು ಹೋಗಿ ಅವರಿಗೆ ಹೇಳ್ತೀನಿ."

"ನಿಮಗೆ ಹೇಗೆ ಗೊತ್ತಕ್ಕಾ? ಅದನ್ನ ಯಾರು ಮಾಡ್ತಾರೆ?"

"ನಾನೇ," ಎಂದಳು ಅವಳು, ಪಕ್ಕದ ಕಿಟಕಿಗೂ ಕೇಳುವ ಹಾಗೆ. "ಅದನ್ನ ಮಾಡಿದವಳೇ ನಾನು."